ನೆರೆ ಇಳಿದ ಮೇಲೆ ಕುಡಿಯುವ ನೀರು: ಎಲ್ಲಿಂದ ತರುವುದು, ಹೇಗೆ ಶುದ್ಧಗೊಳಿಸುವುದು?

2018ರ ಆಗಸ್ಟ್‌ನಲ್ಲಿ ಕೊಡಗು. ಮರುವರ್ಷ ಅದೇ ತಿಂಗಳಲ್ಲಿ ಬೆಳ್ತಂಗಡಿಯ ಚಾರ್ಮಾಡಿ ತಪ್ಪಲು, ಜೊತೆಗೆ ಕೃಷ್ಣಾ, ಮಲಪ್ರಭಾ, ಘಟಪ್ರಭಾ ತೀರದ ಊರುಗಳು. 2024ರ ಜುಲೈ 30ರಂದು ನಮ್ಮ ಗಡಿಯಾಚೆಯ ವಯನಾಡಿನ ಮುಂಡಕ್ಕೈ ಮತ್ತು ಚೂರಲ್ಮಲ. ಪ್ರತಿ ಸಲವೂ ಸುದ್ದಿಯಾದದ್ದು ಕೊಚ್ಚಿಹೋದ ಮನೆಗಳು, ಮುರಿದ ಸೇತುವೆಗಳು. ಆದರೆ ಮಳೆ ನಿಂತು ಪತ್ರಿಕೆಯವರು ಮರಳಿ ಹೋದ ಮೇಲೆ ಚಿಕಿತ್ಸಾಲಯದ ಬಾಗಿಲಲ್ಲಿ ನಿಲ್ಲುವವರು ಬೇರೆ. ಭೇದಿಯಿಂದ ಕಣ್ಣು ಗುಳಿಬಿದ್ದ ಮಗು, ವಾರದಿಂದ ಜ್ವರ ಬಿಡದ ಯುವಕ, ಕಣ್ಣು ಹಳದಿಯಾದ ಗರ್ಭಿಣಿ. ಇವರಲ್ಲಿ ಹೆಚ್ಚಿನವರನ್ನು ಕೆಡವಿದ್ದು ನೆರೆಯಲ್ಲ, ನೆರೆ ಇಳಿದ ಮೇಲೆ ಕುಡಿದ ನೀರು.

ಪೇಟೆಯಲ್ಲಿರುವವರಿಗೆ ಟ್ಯಾಂಕರ್ ಬರುತ್ತದೆ, ಬಾಟಲಿ ನೀರು ಸಿಗುತ್ತದೆ. ಮಲೆನಾಡಿನ ಒಳಗೆ, ತೋಟದ ನಡುವೆ ಒಂದೊಂದೇ ಮನೆಯಿರುವ ಕಡೆ ಹಾಗಲ್ಲ. ಗುಡ್ಡ ಜರಿದು ರಸ್ತೆ ಮುಚ್ಚಿದರೆ ಮೂರು ದಿನ, ಕೆಲವೊಮ್ಮೆ ವಾರ, ಯಾರೂ ಬರುವುದಿಲ್ಲ. ಕರೆಂಟ್ ಇಲ್ಲ, ಪಂಪ್ ನಡೆಯುವುದಿಲ್ಲ, ಗೋಡೆಯ ಮೇಲಿನ ವಾಟರ್ ಫಿಲ್ಟರ್ ಅಲಂಕಾರಕ್ಕೆ ಮಾತ್ರ. ಆ ದಿನಗಳಲ್ಲಿ ನಿಮ್ಮ ಮನೆಯ ನೀರನ್ನು ನೀವೇ ಹುಡುಕಿಕೊಳ್ಳಬೇಕು, ನೀವೇ ಶುದ್ಧ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ತಿಳುವಳಿಕೆಯನ್ನು ಮಳೆಗಾಲದ ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಮೊದಲು ಒಂದು ಸಮಾಧಾನದ ಮಾತು. ಶುದ್ಧ ಮಾಡಬೇಕಾದ ನೀರು ನೀವು ಅಂದುಕೊಂಡಷ್ಟು ಹೆಚ್ಚಿಲ್ಲ. ಕುಡಿಯಲು ಮತ್ತು ಆಹಾರಕ್ಕೆ ಒಬ್ಬರಿಗೆ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ಸಾಕು. ಆರು ಜನರ ಮನೆಗೆ ಹೆಚ್ಚೆಂದರೆ 18 ಲೀಟರ್, ಅಂದರೆ ಒಂದು ದೊಡ್ಡ ಕ್ಯಾನ್‌ಗಿಂತ ಕಡಿಮೆ. ಬಟ್ಟೆಗೆ, ನೆಲಕ್ಕೆ, ಶೌಚಕ್ಕೆ ಬೇರೆ ನೀರು ಬಳಸಿ. ಮನೆಯ ಎಲ್ಲ ನೀರನ್ನೂ ಕುದಿಸಲು ಹೊರಟವರು ಎರಡನೇ ದಿನಕ್ಕೆ ಸೋತು ಯಾವುದನ್ನೂ ಕುದಿಸುವುದಿಲ್ಲ. ಕುಡಿಯುವ ಒಂದು ಕ್ಯಾನ್ ನೀರನ್ನು ಮಾತ್ರ ಕಟ್ಟುನಿಟ್ಟಾಗಿ ನೋಡಿಕೊಳ್ಳಿ.

ಯಾವ ನೀರನ್ನು ಆರಿಸಬೇಕು?

ಗುಡ್ಡ ಪ್ರದೇಶದಲ್ಲಿ ಮಳೆ ಸುರಿಯುತ್ತಲೇ ಇದ್ದರೆ ಎಲ್ಲಕ್ಕಿಂತ ಒಳ್ಳೆಯ ನೀರು ನಿಮ್ಮ ತಲೆಯ ಮೇಲೆಯೇ ಬೀಳುತ್ತಿರುತ್ತದೆ. ವಿಚಿತ್ರವೆಂದರೆ ಅದನ್ನು ಬಿಟ್ಟು ಜನ ಮುಳುಗಿದ ಬಾವಿಗೆ ಕೊಡಪಾನ ಇಳಿಸುತ್ತಾರೆ. ಶುಭ್ರವಾದ ಟಾರ್ಪಾಲನ್ನು ನಾಲ್ಕು ಮೂಲೆಗೆ ಕಟ್ಟಿ, ನಡುವೆ ಇಳಿಜಾರು ಮಾಡಿ, ಹಂಡೆಯನ್ನು ಕೆಳಗಿಡಿ. ಹಂಚು ಅಥವಾ ಶೀಟಿನ ಮಾಡಿನಿಂದ ಹಿಡಿಯುವುದಾದರೆ ಮೊದಲ ಹದಿನೈದು ನಿಮಿಷದ ನೀರನ್ನು ಹರಿಯಲು ಬಿಡಿ. ಹಕ್ಕಿ, ಇಲಿ, ಬೆಕ್ಕಿನ ಹೊಲಸು, ಎಲೆ, ಧೂಳು ಎಲ್ಲ ಆಗ ತೊಳೆದು ಹೋಗುತ್ತವೆ. ಆಮೇಲಿನದ್ದನ್ನು ಮಡಚಿದ ಬಟ್ಟೆಯಲ್ಲಿ ಸೋಸಿ ಹಿಡಿದು ಕುದಿಸಿ. ಮಾಡು ತೊಳೆದ ನೀರಾದ್ದರಿಂದ ಕುದಿಸದೆ ಕುಡಿಯಬೇಡಿ. ಆದರೂ ಇದರಲ್ಲಿ ಮನುಷ್ಯರ ಮಲ ಸೇರಿರುವುದಿಲ್ಲ. ನೆರೆಯ ನಂತರದ ರೋಗಗಳ ಲೆಕ್ಕದಲ್ಲಿ ಅದೊಂದೇ ದೊಡ್ಡ ಲಾಭ.

ಮನೆಗಿಂತ ಎತ್ತರದಲ್ಲಿ, ಕೊಟ್ಟಿಗೆ ಮತ್ತು ಶೌಚದ ಗುಂಡಿಗಳಿಗಿಂತ ಮೇಲೆ, ಬಂಡೆಯ ಸಂದಿನಿಂದ ಜಿನುಗುವ ಒರತೆ ಎರಡನೆಯದು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗುಡ್ಡಗಳಲ್ಲಿ ಅಡ್ಡಕ್ಕೆ ಕೊರೆದ ಸುರಂಗಗಳ ನೀರೂ ಇದೇ ಜಾತಿಯದು. ಇವುಗಳ ಗುಣ ತಿಳಿಯಲು ಸುಲಭವಾದ ಒಂದು ಗುರುತಿದೆ. ಜೋರು ಮಳೆ ಬಂದ ಮೇಲೂ ನೀರು ತಿಳಿಯಾಗಿಯೇ ಇದ್ದರೆ ಅದು ಮಣ್ಣಿನಲ್ಲಿ ಚೆನ್ನಾಗಿ ಸೋಸಿ ಬಂದದ್ದು. ಮಳೆಯಾದ ಗಂಟೆಯೊಳಗೆ ಕೆಂಪಾದರೆ ಮೇಲಿನ ಕೊಳೆನೀರು ನೇರವಾಗಿ ಸೇರುತ್ತಿದೆ ಎಂದರ್ಥ. ಸುರಂಗದ ಹೊರಬಾಯಿಯಲ್ಲೇ ನೀರು ಹಿಡಿಯಿರಿ, ಒಳಗೆ ಹೋಗಬೇಡಿ. ನೆನೆದ ಮಣ್ಣು ಯಾವಾಗ ಕುಸಿಯುತ್ತದೆಂದು ಹೇಳಲಾಗದು.

ಇಲ್ಲಿ ಇನ್ನೊಂದು ಎಚ್ಚರಿಕೆ ಹೇಳಲೇಬೇಕು, ಇದು ನೀರಿನ ಶುದ್ಧಿಯದ್ದಲ್ಲ, ಜೀವದ್ದು. ಗುಡ್ಡದಿಂದ ಇಳಿಯುವ ತೋಡು ಇದ್ದಕ್ಕಿದ್ದಂತೆ ರಾಡಿಯಾದರೆ, ಮಳೆ ಸುರಿಯುತ್ತಿದ್ದರೂ ಅದರ ಹರಿವು ಒಮ್ಮೆಲೇ ಕಡಿಮೆಯಾದರೆ, ಅಥವಾ ಹಿಂದೆ ನೀರಿಲ್ಲದ ಜಾಗದಲ್ಲಿ ಹೊಸ ಒರತೆ ಎದ್ದರೆ, ಮೇಲೆ ಗುಡ್ಡ ಜರಿಯುವ ಸೂಚನೆ ಇರಬಹುದು. ಬಿಂದಿಗೆ ಅಲ್ಲೇ ಬಿಟ್ಟು ಮಕ್ಕಳನ್ನು ಕರೆದುಕೊಂಡು ತೋಡಿನ ದಾರಿಯಿಂದ ಪಕ್ಕಕ್ಕೆ, ಎತ್ತರಕ್ಕೆ ಸರಿಯಿರಿ.

ತೋಟದಲ್ಲಿ ತೆಂಗಿದ್ದರೆ ಸೀಯಾಳವನ್ನು ಮರೆಯಬೇಡಿ. ಒಡೆಯದ ಸೀಯಾಳದ ನೀರಿನಲ್ಲಿ ರೋಗಾಣು ಇರುವುದಿಲ್ಲ. ಕತ್ತಿ ಮತ್ತು ಲೋಟ ಸ್ವಚ್ಛವಿರಲಿ, ಅಷ್ಟೆ. ಆದರೆ ಮಳೆಯಲ್ಲಿ ತೆಂಗಿನ ಮರ ಹತ್ತಲು ಯಾರನ್ನೂ ಒತ್ತಾಯಿಸಬೇಡಿ.

ಹೊಳೆ ಮತ್ತು ಹಳ್ಳದ ನೀರು ಕೊನೆಯ ಆಯ್ಕೆ. “ಹರಿಯುವ ನೀರಿಗೆ ಏನು ದೋಷ ಡಾಕ್ಟ್ರೇ?” ಎಂದು ಹಿರಿಯ ಉಮ್ಮಂದಿರು ಕೇಳುತ್ತಾರೆ. ದೋಷ ನೀರಿಗಲ್ಲ ಉಮ್ಮಾ, ಅದು ಹರಿದು ಬಂದ ದಾರಿಗೆ. ಮೇಲಿನ ಹತ್ತು ಊರಿನ ಶೌಚದ ಗುಂಡಿ, ತಿಪ್ಪೆ, ಸತ್ತ ದನ, ಕೋಳಿ ಅಂಗಡಿಯ ಕಸ ಎಲ್ಲವನ್ನೂ ತೊಳೆದುಕೊಂಡು ಅದು ನಿಮ್ಮ ಮನೆಯ ಬಳಿ ಬಂದಿರುತ್ತದೆ. ಹರಿಯುತ್ತಿದೆ ಎಂಬ ಕಾರಣಕ್ಕೆ ಅದರೊಳಗಿನ ಕಾಮಾಲೆಯ ವೈರಸ್ ಸಾಯುವುದಿಲ್ಲ.

ರಾಡಿಯನ್ನು ತಿಳಿಯಾಗಿಸುವುದು

ಕೆಸರಿರುವ ನೀರನ್ನು ಹಾಗೆಯೇ ಕುದಿಸಬಹುದು. ಆದರೆ ಕ್ಲೋರಿನ್ ಮಾತ್ರೆ ಹಾಕುವುದಿದ್ದರೆ ಮೊದಲು ತಿಳಿಯಾಗಿಸಲೇಬೇಕು. ಏಕೆಂದರೆ ಕ್ಲೋರಿನ್ ಮೊದಲು ಕೆಸರಿನ ಮೇಲೆಯೇ ಖರ್ಚಾಗಿಬಿಡುತ್ತದೆ, ರೋಗಾಣುವಿಗೆ ಉಳಿಯುವುದಿಲ್ಲ.

ರಾತ್ರಿ ಹಂಡೆಯಲ್ಲಿ ತುಂಬಿಸಿ ಮುಚ್ಚಿಟ್ಟರೆ ಬೆಳಿಗ್ಗೆಗೆ ಹೆಚ್ಚಿನ ಮಣ್ಣು ತಳ ಸೇರಿರುತ್ತದೆ. ಕೆಂಪು ಜೇಡಿಯ ನೀರು ಅಷ್ಟು ಸುಲಭಕ್ಕೆ ತಿಳಿಯಾಗದು. ಆಗ ಪಟಿಕವನ್ನು, ಅಂದರೆ ಅಂಗಡಿಯಲ್ಲಿ ಫಿಟ್ಕರಿ ಎಂದು ಕೇಳುವ ಹರಳನ್ನು, ಒಂದು ಕೊಡ ನೀರಿನಲ್ಲಿ ಐದಾರು ಸುತ್ತು ತಿರುಗಿಸಿ ತೆಗೆದು ಗಂಟೆಹೊತ್ತು ಅಲುಗಾಡಿಸದೆ ಬಿಡಿ. ಯುನಾನಿಯಲ್ಲಿ ನಾವು ಇದನ್ನು ಶಿಬ್ಬೆ ಯಮಾನಿ ಎನ್ನುತ್ತೇವೆ. ನೀರು ಒಗರಾದರೆ ಹೆಚ್ಚಾಯಿತು ಎಂದು ತಿಳಿಯಿರಿ. ಪಟಿಕವಿಲ್ಲದಿದ್ದರೆ ಒಣಗಿದ ನುಗ್ಗೆ ಬೀಜದ ಸಿಪ್ಪೆ ಸುಲಿದು, ಜಜ್ಜಿ ಪುಡಿ ಮಾಡಿ, ಲೀಟರಿಗೆ ಒಂದೆರಡು ಬೀಜದಂತೆ ಕಲಕಿ ಬಿಡಿ. ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ಉಜ್ಜುವ ಹಳೆಯ ಪದ್ಧತಿಯೂ ಇದೇ ಕೆಲಸ ಮಾಡುತ್ತದೆ.

ನಮ್ಮ ವೈದ್ಯ ಗ್ರಂಥಗಳಲ್ಲಿ ಇದಕ್ಕೆ ಇನ್ನೊಂದು ಅಚ್ಚುಕಟ್ಟಾದ ಉಪಾಯವಿದೆ. ಇಬ್ನ್ ಸೀನಾ (980–1037) ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ನೀರಿನ ಗುಣದೋಷಗಳ ಬಗ್ಗೆ ಸವಿಸ್ತಾರವಾಗಿ ಬರೆದಿದ್ದಾರೆ. ಕೆಟ್ಟ ನೀರನ್ನು ಸರಿಪಡಿಸಲು ಅವರು ಹೇಳುವ ವಿಧಾನಗಳಲ್ಲಿ ಕುದಿಸುವುದೂ ಇದೆ, ಬತ್ತಿಯ ಮೂಲಕ ಇಳಿಸುವುದೂ ಇದೆ. ಉಣ್ಣೆಯ ಬತ್ತಿಯೊಂದರ ಒಂದು ತುದಿ ತುಂಬಿದ ಪಾತ್ರೆಯಲ್ಲಿ, ಇನ್ನೊಂದು ತುದಿ ಅದಕ್ಕಿಂತ ಕೆಳಗಿಟ್ಟ ಖಾಲಿ ಪಾತ್ರೆಯಲ್ಲಿ. ನೀರು ಬತ್ತಿಯನ್ನೇರಿ ಹನಿಹನಿಯಾಗಿ ತಿಳಿಯಾಗಿ ಇಳಿಯುತ್ತದೆ. ಒಗೆದು ಶುಭ್ರ ಮಾಡಿದ ಹತ್ತಿ ಬಟ್ಟೆಯ ಪಟ್ಟಿಯಿಂದಲೂ ಇದನ್ನು ಮಾಡಬಹುದು. ನಿಧಾನ, ಆದರೆ ಕೂತು ಕಾಯಬೇಕಾಗಿಲ್ಲ.

ಬಟ್ಟೆಯಲ್ಲಿ ಸೋಸುವವರು ಹೊಸ ಬಟ್ಟೆಗಿಂತ ಹಳೆಯ ಹತ್ತಿ ಸೀರೆಯನ್ನು ಬಳಸಿ. ಕನಿಷ್ಠ ನಾಲ್ಕು ಮಡಿಕೆ, ಎಂಟಾದರೆ ಒಳ್ಳೆಯದು. ಹಲವು ಸಲ ಒಗೆದ ಬಟ್ಟೆಯ ನೂಲು ಉಬ್ಬಿ ರಂಧ್ರಗಳು ಕಿರಿದಾಗಿರುತ್ತವೆ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಹಳ್ಳಿಯ ಹೆಂಗಸರಿಗೆ ಇದನ್ನೇ ಕಲಿಸಿದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಹಳೆಯ ಸೀರೆಯಲ್ಲಿ ಸೋಸಿದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧದಷ್ಟು ಇಳಿದಿತ್ತು. ಕಾಲರಾದ ರೋಗಾಣು ನೀರಿನ ಸೂಕ್ಷ್ಮಜೀವಿಗಳಿಗೆ ಅಂಟಿಕೊಂಡಿರುವುದರಿಂದ ಅವುಗಳ ಜೊತೆ ಅದೂ ಬಟ್ಟೆಯಲ್ಲಿ ಉಳಿಯುತ್ತದೆ. ಅರ್ಧ ಇಳಿಯಿತು ಎಂದರೆ ಅರ್ಧ ಉಳಿಯಿತು ಎಂದೂ ಅರ್ಥ. ಕಾಮಾಲೆಯ ವೈರಸ್ ಅಂತೂ ಎಂಟಲ್ಲ, ಎಂಬತ್ತು ಮಡಿಕೆಯಲ್ಲೂ ನುಸುಳುತ್ತದೆ. ಪಟಿಕ, ನುಗ್ಗೆ, ಬತ್ತಿ, ಬಟ್ಟೆ, ಇವೆಲ್ಲ ನೀರನ್ನು ತಿಳಿಗೊಳಿಸುತ್ತವೆ, ರೋಗಮುಕ್ತ ಮಾಡುವುದಿಲ್ಲ. ಕನ್ನಡಿಯಂತೆ ಹೊಳೆಯುವ ನೀರನ್ನು ನೋಡಿ ಮೋಸ ಹೋಗಬೇಡಿ.

ಕುದಿಸುವುದು

ಕುದಿ ಬಂದು ಗುಳ್ಳೆಗಳು ಮೇಲೆ ಉಕ್ಕತೊಡಗಿದ ಮೇಲೆ ಒಂದು ಪೂರ್ಣ ನಿಮಿಷ. ಇಷ್ಟೇ ಸಾಕು. ಹತ್ತು ನಿಮಿಷ, ಇಪ್ಪತ್ತು ನಿಮಿಷ ಎಂದು ಯಾರೋ ಹೇಳಿದ್ದನ್ನು ಕೇಳಿ ಗ್ಯಾಸ್ ಮುಗಿಸಬೇಡಿ. 2000 ಮೀಟರಿಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ ಬೇಕು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೂ ಅಷ್ಟು ಎತ್ತರವಿಲ್ಲ. ಒದ್ದೆ ಕಟ್ಟಿಗೆಯ ದಿನಗಳಲ್ಲಿ ಈ ಲೆಕ್ಕಕ್ಕೆ ಬೆಲೆಯಿದೆ. ಒಲೆಯಲ್ಲಿ ಒಂದು ಲೀಟರ್ ನೀರು ಕುದಿಸಲು ಸುಮಾರು ಒಂದು ಕಿಲೋ ಕಟ್ಟಿಗೆ ಬೇಕಾಗುತ್ತದೆ.

ನಮ್ಮ ಕಡೆ ಕುದಿಸುವವರು ಬಹಳ ಇದ್ದಾರೆ, ಕುದಿಸಿ ಕೆಡಿಸುವವರೂ ಅಷ್ಟೇ ಇದ್ದಾರೆ. ಅರ್ಧ ಪಾತ್ರೆ ನೀರು ಕುದಿಸಿ, ಬೇಗ ಆರಲಿ ಎಂದು ಅರ್ಧ ಪಾತ್ರೆ ತಣ್ಣೀರು ಸುರಿಯುವುದು ಎಷ್ಟೋ ಮನೆಗಳಲ್ಲಿ ರೂಢಿ. ಕೆಲವು ಹೋಟೆಲುಗಳಲ್ಲಿ, ಮದುವೆಯ ಊಟದ ಹಾಲ್‌ಗಳಲ್ಲಿ ಇದು ಇನ್ನೂ ಹೆಚ್ಚು. ಬೆರೆಸಿದ ಆ ತಣ್ಣೀರು ಪಾತ್ರೆಯ ಅಷ್ಟೂ ನೀರನ್ನು ಮತ್ತೆ ಬಾವಿನೀರಾಗಿಸುತ್ತದೆ. ಜೀರಿಗೆ, ಲಾವಂಚ, ಪತಿಮುಗಂ ಹಾಕಿದ ನೀರು ಕೆಂಪಗೆ ಘಮ್ಮೆನ್ನುತ್ತದೆ, ಅತಿಥಿಗೆ ಅದು ಕುದಿಸಿದ ನೀರೆಂದೇ ಅನಿಸುತ್ತದೆ. ಬಣ್ಣ ಬರಲು ಬಿಸಿ ನೀರು ಸಾಕು, ಕುದಿಯಬೇಕೆಂದಿಲ್ಲ. ಸಂಜೆ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಬೆಳಿಗ್ಗೆ ಬಳಸಿ. ಮರುದಿನ ಸಂಜೆಗೆ ಉಳಿದದ್ದನ್ನು ಪಾತ್ರೆ ತೊಳೆಯಲು ಚೆಲ್ಲಿ.

ಬಿಸಿಲಿನಲ್ಲಿ ಬಾಟಲಿ ಇಡುವ ವಿಧಾನವನ್ನೂ ಕೆಲವರು ಕೇಳುತ್ತಾರೆ. ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿಯಲ್ಲಿ ತಿಳಿಯಾದ ನೀರನ್ನು ಆರು ಗಂಟೆ ಒಳ್ಳೆಯ ಬಿಸಿಲಿನಲ್ಲಿಟ್ಟರೆ ರೋಗಾಣು ಸಾಯುತ್ತವೆ. ಉತ್ತರ ಕರ್ನಾಟಕದಲ್ಲಿ ನೆರೆ ಇಳಿದ ಮೇಲೆ ಬಿಸಿಲು ಬರುವುದರಿಂದ ಅಲ್ಲಿ ಪ್ರಯೋಜನವಿದೆ. ಮೋಡದ ದಿನವಾದರೆ ಎರಡು ದಿನ ಇಡಬೇಕು. ಆಗಸ್ಟಿನ ಮಡಿಕೇರಿಯಲ್ಲಿ ಇದನ್ನು ನಂಬಿ ಕೂರಬೇಡಿ.

ಕ್ಲೋರಿನ್ ಮಾತ್ರೆಗಳನ್ನು ಆರೋಗ್ಯ ಕಾರ್ಯಕರ್ತೆಯರು ಹಂಚುತ್ತಾರೆ, ಔಷಧಿ ಅಂಗಡಿಯಲ್ಲೂ ಸಿಗುತ್ತವೆ. ಒಂದೊಂದು ಮಾತ್ರೆಯ ಬಲ ಒಂದೊಂದು ರೀತಿ. ಕೆಲವು ಒಂದು ಲೀಟರಿಗೆ, ಕೆಲವು ಇಪ್ಪತ್ತು ಲೀಟರಿಗೆ. ಪಟ್ಟಿಯ ಮೇಲೆ ಬರೆದದ್ದನ್ನು ಓದಿಯೇ ಹಾಕಿ, ಅರ್ಧ ಗಂಟೆ ಕಾಯಿರಿ. ನೀರಿನಲ್ಲಿ ಸಣ್ಣ ಕ್ಲೋರಿನ್ ವಾಸನೆ ಉಳಿದಿರಬೇಕು. ಮಾತ್ರೆಯನ್ನು ನುಂಗಬಾರದು ಎಂದು ಮನೆಯ ಹಿರಿಯರಿಗೆ ಬಾಯಿಬಿಟ್ಟು ಹೇಳಿ. ಡಾಕ್ಟರ್ ಕಳಿಸಿದ ಗುಳಿಗೆ ಎಂದುಕೊಂಡು ನುಂಗುವವರಿದ್ದಾರೆ.

ಮುಳುಗಿದ ಬಾವಿ

ನೆರೆ ನೀರು ಕಟ್ಟೆ ದಾಟಿ ಒಳಹೊಕ್ಕಿದ್ದರೆ ಬಾವಿಯ ನೀರು ಹೇಗೇ ಕಾಣಲಿ, ಅದು ಕೆಟ್ಟಿದೆ. ಕಟ್ಟೆ ಮುಳುಗದಿದ್ದರೂ ಶೌಚದ ಗುಂಡಿ 15 ಮೀಟರಿಗಿಂತ ಹತ್ತಿರವಿದ್ದರೆ ಅನುಮಾನಿಸಿ. ನೆನೆದ ನೆಲದಲ್ಲಿ ಗುಂಡಿಗೂ ಬಾವಿಗೂ ನಡುವಿನ ತಡೆ ಸಡಿಲವಾಗಿರುತ್ತದೆ.

ಎಲ್ಲಕ್ಕಿಂತ ಮೊದಲು, ಬಾವಿಗೆ ಇಳಿಯಬೇಡಿ. ಒಳಗೆ ಉಸಿರಾಡಲು ಗಾಳಿ ಇಲ್ಲದಿರಬಹುದು, ಸುತ್ತಿನ ಗೋಡೆ ಕುಸಿಯಬಹುದು. ಒಬ್ಬರು ಪ್ರಜ್ಞೆ ತಪ್ಪಿದರೆಂದು ಇನ್ನೊಬ್ಬರು ಇಳಿದು ಇಬ್ಬರೂ ಹೋಗುವುದು ಹೀಗೆಯೇ. ಪಂಪ್ ಮುಳುಗಿದ್ದರೆ ಎಲೆಕ್ಟ್ರಿಷಿಯನ್ ನೋಡುವವರೆಗೆ ಸ್ವಿಚ್ ಮುಟ್ಟಬೇಡಿ. ಅವಸರದಲ್ಲಿ ಇಡೀ ಬಾವಿಯನ್ನು ಒಮ್ಮೆಲೇ ಖಾಲಿ ಮಾಡಲೂ ಹೋಗಬೇಡಿ. ಹೊರಗಿನ ಮಣ್ಣು ನೀರು ಕುಡಿದು ಭಾರವಾಗಿರುವಾಗ ಒಳಗಿನ ನೀರಿನ ಒತ್ತು ತಪ್ಪಿದರೆ ಗೋಡೆ ಒಳಕ್ಕೆ ಬೀಳುತ್ತದೆ. ಸುತ್ತಲ ನೆಲ ಬಸಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ.

ಬ್ಲೀಚಿಂಗ್ ಪೌಡರ್ ಹಾಕುವಾಗ ಹೆಚ್ಚಿನವರು ಒಂದು ಹಿಡಿ, ಎರಡು ಹಿಡಿ ಎಂದು ಅಂದಾಜಿನಲ್ಲಿ ಎರಚುತ್ತಾರೆ. ಲೆಕ್ಕ ಕಷ್ಟವೇನಲ್ಲ. ಬಾವಿಯ ವ್ಯಾಸವನ್ನು ಅಡಿಗಳಲ್ಲಿ ಅಳೆಯಿರಿ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ನೀರಿನ ಆಳವನ್ನು ಅಳೆಯಿರಿ. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಅದನ್ನು ಆಳದಿಂದ ಗುಣಿಸಿ, ಬಂದದ್ದನ್ನು 22ರಿಂದ ಗುಣಿಸಿದರೆ ನೀರು ಎಷ್ಟು ಲೀಟರ್ ಎಂದು ಸಿಗುತ್ತದೆ. ಆರಡಿ ವ್ಯಾಸ, ಹತ್ತಡಿ ನೀರಿದ್ದರೆ 6×6×10×22, ಅಂದರೆ 7920, ಸರಿಸುಮಾರು ಎಂಟು ಸಾವಿರ ಲೀಟರ್. ಸಾಮಾನ್ಯ ದಿನಗಳಲ್ಲಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪೌಡರ್ ಸಾಕು. ನೆರೆ ಹೊಕ್ಕ ಬಾವಿಗೆ ಮೊದಲ ಸಲ ಅದರ ಎರಡರಷ್ಟು, ಅಂದರೆ ಸಾವಿರಕ್ಕೆ ಐದು ಗ್ರಾಂ. ಈ ಬಾವಿಗೆ 40 ಗ್ರಾಂ. ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಳ್ಳಿ.

ಆ ಪುಡಿಯನ್ನು ನೇರವಾಗಿ ಬಾವಿಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸ್ವಲ್ಪ ನೀರು ಸೇರಿಸಿ ಹಿಟ್ಟಿನಂತೆ ಕಲಸಿ, ನಂತರ ಮುಕ್ಕಾಲು ಬಕೆಟ್ ನೀರು ಹಾಕಿ ಕದಡಿ ಹತ್ತು ನಿಮಿಷ ಬಿಡಿ. ಸುಣ್ಣ ತಳದಲ್ಲಿ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟ್‌ಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ ಜಗ್ಗಿ ಚೆನ್ನಾಗಿ ಬೆರೆಸಿ. ಸುಣ್ಣವನ್ನು ಬಾವಿಗೆ ಹಾಕಿದರೆ ನೀರು ಗಡಸಾಗುತ್ತದೆ, ಅದನ್ನು ದೂರ ಚೆಲ್ಲಿ. ಇಶಾ ನಮಾಝಿನ ನಂತರ ಈ ಕೆಲಸ ಮಾಡಿದರೆ ರಾತ್ರಿಯಿಡೀ ಯಾರೂ ನೀರು ಸೇದುವುದಿಲ್ಲ, ಬೆಳಗಾಗುವಷ್ಟರಲ್ಲಿ ಔಷಧಿ ತನ್ನ ಕೆಲಸ ಮಾಡಿರುತ್ತದೆ. ಬೆಳಿಗ್ಗೆ ವಾಸನೆ ಸ್ವಲ್ಪವೂ ಇಲ್ಲದಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ಕೊಳೆ ಹೆಚ್ಚಿತ್ತು, ಕ್ಲೋರಿನ್ ಪೂರ್ತಿ ಖರ್ಚಾಯಿತು ಎಂದರ್ಥ. ಮತ್ತೊಮ್ಮೆ ಹಾಕಿ. ವರ್ಷದ ಹಿಂದೆ ತಂದು ಬಾಯಿ ಬಿಚ್ಚಿಟ್ಟ ಪೌಡರ್‌ನಲ್ಲಿ ಬಲವಿರುವುದಿಲ್ಲ ಎಂಬುದೂ ನೆನಪಿರಲಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬರಿಗೈಯಲ್ಲಿ ಮುಟ್ಟದೆ ಕೆಲಸ ಮಾಡಿ. ಶೌಚಾಲಯ ತೊಳೆಯುವ ಆಸಿಡ್‌ನೊಂದಿಗೆ ಇದನ್ನು ಎಂದಿಗೂ ಸೇರಿಸಬಾರದು, ವಿಷಗಾಳಿ ಏಳುತ್ತದೆ.

ಇಷ್ಟಾದ ಮೇಲೂ ನೀರಿನ ಪರೀಕ್ಷೆಯಾಗುವವರೆಗೆ ಕುದಿಸಿಯೇ ಕುಡಿಯಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಪಂಚಾಯತಿಯಲ್ಲೋ ಪರೀಕ್ಷೆಯ ಸಣ್ಣ ಬಾಟಲಿ ಕೇಳಿ ನೋಡಿ. ಅದರಲ್ಲಿ ನೀರು ತುಂಬಿಸಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಸಂಪರ್ಕವಿದೆ ಎಂದು ತಿಳಿಯುತ್ತದೆ.

ಕುದಿಸಿದರೂ ಪ್ರಯೋಜನವಿಲ್ಲದ ನೀರೂ ಇದೆ. ಅಡಿಕೆ ತೋಟಕ್ಕೆ ಸಿಂಪಡಿಸಲು ತಂದ ಮೈಲುತುತ್ತು, ಕಾಫಿ ತೋಟದ ಕೀಟನಾಶಕ, ಗೊಬ್ಬರ, ಡೀಸೆಲ್ ಇಟ್ಟಿದ್ದ ಕೊಟ್ಟಿಗೆ ಮುಳುಗಿದ್ದರೆ, ನೀರಿನ ಮೇಲೆ ಎಣ್ಣೆಯ ಪದರವೋ ಔಷಧಿಯ ವಾಸನೆಯೋ ಇದ್ದರೆ, ಆ ನೀರನ್ನು ಕುಡಿಯಲೂ ಬೇಡಿ, ಅನ್ನಕ್ಕೂ ಬೇಡ. ಕುದಿಸಿದಾಗ ನೀರು ಆವಿಯಾಗಿ ಅದರಲ್ಲಿನ ತಾಮ್ರ ಇನ್ನಷ್ಟು ಗಟ್ಟಿಯಾಗುತ್ತದೆ. ಮಳೆನೀರಿನ ಟಾರ್ಪಾಲಿಗೆ ಮರಳಿ ಹೋಗಿ.

ವುಝೂ ನೀರು, ಕುಡಿಯುವ ನೀರು

“ಪಾಕ್ ಇರುವ ನೀರು ಕುಡಿದರೆ ಏನಾಗುತ್ತದೆ?” ಎಂಬ ಪ್ರಶ್ನೆ ಬರುತ್ತದೆ. ಎರಡೂ ಬೇರೆ ವಿಷಯ. ಮಣ್ಣು ಕಲಸಿ ಬಣ್ಣ ಬದಲಾದ ನೀರಿನಲ್ಲಿ ವುಝೂ ಮಾಡಬಹುದು ಎಂದು ಫಿಕ್ಹ್ ಹೇಳಿದರೆ ಅದು ಕುಡಿಯಲು ಯೋಗ್ಯ ಎಂಬ ವೈದ್ಯಕೀಯ ಪ್ರಮಾಣಪತ್ರವಲ್ಲ. ವುಝೂವಿನಲ್ಲಿ ಬಾಯಿ ಮುಕ್ಕಳಿಸುತ್ತೇವೆ, ಮೂಗಿಗೆ ನೀರೆಳೆದುಕೊಳ್ಳುತ್ತೇವೆ. ಕಲಿಯುತ್ತಿರುವ ಮಕ್ಕಳು ಒಂದೆರಡು ಗುಟುಕು ನುಂಗುವುದೂ ಉಂಟು. ಕಾಳಜಿ ಕೇಂದ್ರದಲ್ಲೋ, ಆಶ್ರಯಕ್ಕೆ ತೆರೆದ ಮದ್ರಸದಲ್ಲೋ ಇರುವಾಗ ಬಾಯಿ ಮತ್ತು ಮೂಗಿಗೆ ಮಾತ್ರ ಒಂದು ಲೋಟ ಶುದ್ಧ ನೀರು ಬೇರೆ ಇಡಿ. ಇರುವುದು ಕುಡಿಯಲಷ್ಟೇ ಸಾಕಾಗುವ ನೀರಾದರೆ ಅದನ್ನು ಬಾಯಾರಿಕೆಗೆ ಉಳಿಸಿ ತಯಮ್ಮುಮ್ ಮಾಡಲು ಅವಕಾಶವಿದೆ. ವಿವರವನ್ನು ನಿಮ್ಮ ಖತೀಬರಲ್ಲಿ ಕೇಳಿಕೊಳ್ಳಿ. ಮಸೀದಿಯ ಹೌಝ್‌ಗೆ ನೆರೆ ನುಗ್ಗಿದ್ದರೆ ಅದನ್ನು ಖಾಲಿ ಮಾಡಿ, ತಳ ಉಜ್ಜಿ, ಬ್ಲೀಚಿಂಗ್ ನೀರಿನಿಂದ ತೊಳೆದು ಮತ್ತೆ ತುಂಬಿಸುವುದು ಜಮಾಅತಿನ ಯುವಕರ ಒಂದು ದಿನದ ಕೆಲಸ. ಕಾಲಿನಲ್ಲಿ ಗಾಯವಿದ್ದವರು ಆ ಕೆಲಸಕ್ಕೆ ಇಳಿಯಬಾರದು. ಇಲಿ ಜ್ವರ ಕುಡಿದ ನೀರಿಗಿಂತ ಹೆಚ್ಚಾಗಿ ಗಾಯದ ಮೂಲಕವೇ ಬರುತ್ತದೆ. 2018ರ ಕೇರಳದ ನೆರೆಯ ನಂತರ ಅದು ಅಲ್ಲಿ ಹರಡಿದ್ದು ಹಾಗೆ. ಮುಂಜಾಗ್ರತೆಗೆ ಮಾತ್ರೆ ಬೇಕೇ ಎಂಬುದನ್ನು ಸರಕಾರಿ ವೈದ್ಯರು ಹೇಳಲಿ, ಗರ್ಭಿಣಿಯರು ಮತ್ತು ಮಕ್ಕಳು ಅದನ್ನು ತಾವಾಗಿ ನುಂಗಬಾರದು.

ಶುದ್ಧ ಮಾಡಿದ ನೀರು ಕೆಡುವುದು ಪಾತ್ರೆಯಲ್ಲಿ. ಅಗಲ ಬಾಯಿಯ ಪಾತ್ರೆಗೆ ಲೋಟ ಅದ್ದಿದಾಗ ಬೆರಳೂ ಮುಳುಗುತ್ತದೆ. ನಲ್ಲಿಯಿರುವ ಕ್ಯಾನ್ ಉತ್ತಮ. ಇಲ್ಲದಿದ್ದರೆ ಉದ್ದ ಹಿಡಿಯ ಸವುಟು ಇಟ್ಟು ಅದನ್ನು ನೆಲದಲ್ಲಿಡದೆ ಗೋಡೆಗೆ ತೂಗುಹಾಕಿ.

ಕಾಯಿಲೆ ಬಂದರೆ

ಭೇದಿ ಶುರುವಾದ ಗಳಿಗೆಯಿಂದಲೇ ಓಆರ್‌ಎಸ್ ಕೊಡಿ. ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಪಾಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಗಂಜಿ ತಿಳಿಯನ್ನೂ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಆರು ತಿಂಗಳೊಳಗಿನ ಕೂಸಿಗೆ ನೆರೆಯ ದಿನಗಳಲ್ಲಿ ತಾಯಿಯ ಹಾಲಿಗಿಂತ ಶುದ್ಧವಾದದ್ದು ಬೇರೇನೂ ಇಲ್ಲ, ಬೇರೆ ನೀರಿನ ಅಗತ್ಯವೂ ಇಲ್ಲ. ಮಕ್ಕಳ ಭೇದಿಗೆ ಆರೋಗ್ಯ ಕೇಂದ್ರದಲ್ಲಿ ಝಿಂಕ್ ಮಾತ್ರೆ ಕೊಡುತ್ತಾರೆ, ಭೇದಿ ನಿಂತರೂ ಹದಿನಾಲ್ಕು ದಿನ ಪೂರ್ತಿ ಮಾಡಿ. ಅಕ್ಕಿ ತೊಳೆದ ನೀರಿನಂತೆ ಧಾರಾಕಾರ ಭೇದಿ, ರಕ್ತ, ಮಗು ಮಂಕಾಗಿ ಕುಡಿಯದಿರುವುದು, ಆರು ಗಂಟೆಯಿಂದ ಮೂತ್ರವಿಲ್ಲದಿರುವುದು, ಇವು ಕಂಡರೆ ದೋಣಿಯಲ್ಲಾದರೂ ಹೊತ್ತಾದರೂ ಆಸ್ಪತ್ರೆಗೆ ಸಾಗಿಸಿ.

ಯುನಾನಿ ವೈದ್ಯನಾಗಿ ನನ್ನಲ್ಲಿ ಅರ್ಕ್, ಶರಬತ್ತು ಕೇಳುವವರಿಗೆ ಇಲ್ಲಿ ನೇರವಾಗಿ ಹೇಳುತ್ತೇನೆ. ಕೆಟ್ಟ ನೀರಿನ ತೊಂದರೆಗೆ ಈರುಳ್ಳಿ, ಸಿರ್ಕಾ ಉಪಯುಕ್ತ ಎಂದು ನಮ್ಮ ಹಳೆಯ ಗ್ರಂಥಗಳಲ್ಲಿ ಇರುವುದು ನಿಜ. ಅದೇ ಗ್ರಂಥಗಳಲ್ಲಿ ನೀರನ್ನು ಕುದಿಸಿ ಎಂದೂ ಇದೆ. ಈರುಳ್ಳಿಯ ಸಂದೇಶ ಮಾತ್ರ ಮೊಬೈಲಿನಲ್ಲಿ ಓಡಾಡುತ್ತದೆ, ಕುದಿಸುವ ಮಾತು ಓಡಾಡುವುದಿಲ್ಲ. ಹೈಝಾದಲ್ಲಿ, ಅಂದರೆ ಕಾಲರಾದಲ್ಲಿ, ಗಂಟೆಗಳೊಳಗೆ ದೇಹದ ನೀರು ಬತ್ತುವಾಗ ಅರ್ಕೆ ಬಾದಿಯಾನ್‌ನಿಂದ ಜೀವ ಉಳಿಯದು. ಓಆರ್‌ಎಸ್ ಮತ್ತು ಡ್ರಿಪ್‌ನಿಂದ ಉಳಿಯುತ್ತದೆ.

ಯರ್ಖಾನ್, ಅಂದರೆ ಕಾಮಾಲೆಯ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕು. ಒಂದು ಮಳೆಗಾಲದ ಕೊನೆಯಲ್ಲಿ ಎಂಟು ತಿಂಗಳ ಗರ್ಭಿಣಿಯನ್ನು ಅತ್ತೆ ನನ್ನಲ್ಲಿಗೆ ಕರೆತಂದರು. ಕಣ್ಣು ಹಳದಿ, ನಾಲ್ಕು ದಿನದಿಂದ ಹಳ್ಳಿಯ ಸೊಪ್ಪಿನ ಮದ್ದು, ಪಥ್ಯ. ಮಾತಿನಲ್ಲಿ ಸಣ್ಣ ಗೊಂದಲ ಶುರುವಾಗಿತ್ತು. ನಾನು ಔಷಧಿ ಬರೆಯಲಿಲ್ಲ, ವಾಹನ ತರಿಸಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ. “ಮದ್ದು ಕೊಡದೆ ಕಳಿಸುತ್ತೀರಾ?” ಎಂದು ಅತ್ತೆಗೆ ಬೇಸರ. ತಾಯಿ ಉಳಿದರು, ಮಗು ಉಳಿಯಲಿಲ್ಲ. ನೀರಿನಿಂದ ಹರಡುವ ಹೆಪಟೈಟಿಸ್-ಇ ಇತರರಲ್ಲಿ ಸಾಮಾನ್ಯವಾಗಿ ತಾನೇ ವಾಸಿಯಾಗುತ್ತದೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರರಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ತಾಯಂದಿರವರೆಗೆ ಸಾಯಬಹುದು. ನೆರೆಪೀಡಿತ ಊರಿನಲ್ಲಿ ಬಸುರಿ ಇರುವ ಮನೆಯಲ್ಲಿ ಕುದಿಸಿದ ನೀರು ಕಡಿಮೆಯಿದ್ದರೆ ಮೊದಲ ಪಾಲು ಅವಳಿಗೆ. ಕಣ್ಣೋ ಮೂತ್ರವೋ ಹಳದಿಯಾದರೆ ಆ ದಿನವೇ ಆಸ್ಪತ್ರೆ.

ಈ ರೋಗಗಳು ಒಟ್ಟಿಗೆ ಬರುವುದಿಲ್ಲ. ಕಾಲರಾ ಕೆಲವೇ ಗಂಟೆಗಳಿಂದ ಐದು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಇಲಿ ಜ್ವರ ಹೆಚ್ಚಾಗಿ ಒಂದೆರಡು ವಾರಕ್ಕೆ, ಟೈಫಾಯ್ಡ್ ಒಂದರಿಂದ ಮೂರು ವಾರಕ್ಕೆ. ಹೆಪಟೈಟಿಸ್-ಎ ಎರಡರಿಂದ ನಾಲ್ಕು ವಾರ ತೆಗೆದುಕೊಳ್ಳುತ್ತದೆ. ಹೆಪಟೈಟಿಸ್-ಇ ಐದಾರು ವಾರ, ಕೆಲವರಲ್ಲಿ ಹತ್ತು ವಾರದವರೆಗೂ. ಆಗಸ್ಟ್ ಮೊದಲ ವಾರದ ನೆರೆಯ ನೀರು ಕುಡಿದವರ ಕಣ್ಣು ಹಳದಿಯಾಗುವುದು ಸೆಪ್ಟೆಂಬರಿನಲ್ಲಿ, ಅಕ್ಟೋಬರಿನಲ್ಲಿ. ಆ ಹೊತ್ತಿಗೆ ರಸ್ತೆ ಸರಿಯಾಗಿರುತ್ತದೆ, ಬಾವಿ ತಿಳಿಯಾಗಿರುತ್ತದೆ, ಕುದಿಸುವುದನ್ನು ಎಲ್ಲರೂ ಬಿಟ್ಟಿರುತ್ತಾರೆ. ಕಾಯಿಲೆಯಾದವರ ಮಲದಿಂದ ವೈರಸ್ ಮತ್ತೆ ನೀರಿಗೆ ಸೇರುವುದು ಆಗಲೇ. ಆದ್ದರಿಂದ ನೆರೆ ಇಳಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಮೂರು ತಿಂಗಳು ಕುದಿಸಿದ ನೀರನ್ನೇ ಕುಡಿಯಿರಿ.